ಸಣ್ಣ ಪಿಕಪ್ ಬೇಕು ಎನ್ನುವವರಿಗೆ: ಸೀಟು ಬಿಡುತ್ತೀರೋ, ಬೆಡ್ ಬಿಡುತ್ತೀರೋ?

ನಮ್ಮ ಪಕ್ಕದ ಮನೆಯವರ ಹತ್ತಿರ 1994ರ ಫೋರ್ಡ್ ರೇಂಜರ್ ಪಿಕಪ್ ಒಂದಿದೆ. ಬಿಳಿ ಬಣ್ಣ, ಒಂದೇ ಬೆಂಚು ಸೀಟು, ಐದು ಗೇರಿನ ಮ್ಯಾನ್ಯುಯಲ್, ಕೈಯಲ್ಲಿ ತಿರುಗಿಸಿ ಇಳಿಸುವ ಕಿಟಕಿ. ಮೊನ್ನೆ ಅವರು ಹಿತ್ತಿಲಿಗೆ ಬೇಲಿ ಹಾಕುವಾಗ ನೆರವಿಗೆ ಹೋಗಿದ್ದೆ. ‘ಆ ಸ್ಪ್ಯಾನರ್ ಕೊಡು’ ಅಂದರು. ನಿಂತ ಜಾಗದಿಂದಲೇ ಬೆಡ್ಡಿನ (ಸಾಮಾನು ಹಾಕುವ ಹಿಂದಿನ ತೆರೆದ ತೊಟ್ಟಿಯ) ಪಕ್ಕದ ಗೋಡೆಯ ಮೇಲಿಂದ ಕೈ ಇಳಿಬಿಟ್ಟು, ತಳದಲ್ಲಿ ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಟ್ಟೆ. ಅದೇ ಸಂಜೆ ಗೆಳೆಯನೊಬ್ಬನ ಹೊಸ ಎಫ್-150 ಎಂಬ ದೊಡ್ಡ ಪಿಕಪ್ಪಿನಿಂದ ಕಾಂಕ್ರೀಟ್ ಚೀಲ ಇಳಿಸಬೇಕಾಯಿತು. ಪಕ್ಕದಿಂದ ಕೈ ಹಾಕಿದರೆ ಚೀಲದ ಮೂಲೆಯೂ ಬೆರಳಿಗೆ ಸಿಗಲಿಲ್ಲ. ಟೈಲ್‌ಗೇಟ್ (ಬೆಡ್ಡಿನ ಹಿಂಬಾಗಿಲು) ಇಳಿಸು, ಅದರೊಳಗಿನಿಂದ ಮಡಚುವ ಮೆಟ್ಟಿಲು ಎಳೆ, ಹತ್ತು, ಬಗ್ಗು, ಚೀಲ ಎಳೆದು ತುದಿಗೆ ತಾ, ಮತ್ತೆ ಇಳಿ. ಸಾಮಾನು ಹಾಕುವ ಗಾಡಿಗೇ ಏಣಿ ಸೇರಿಸಿ ಮಾರುವ ಕಾಲ ಇದು.

ಅಮೆರಿಕದಲ್ಲಿ ಸಣ್ಣ ಪಿಕಪ್‌ಗಾಗಿ ಹಂಬಲಿಸುವವರನ್ನು ಕೇಳಿ ನೋಡಿ. ಬೆಲೆ, ಮೈಲೇಜು, ಪಾರ್ಕಿಂಗ್ ಎಂದೆಲ್ಲ ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ಈ ಕೈಗೆಟಕುವ ಎತ್ತರಕ್ಕೇ ಬಂದು ನಿಲ್ಲುತ್ತದೆ. ಈಗ ಸಣ್ಣ ಪಿಕಪ್ ವಾಪಸ್ ಬಂದಿದೆ ಎನ್ನುತ್ತಾರೆ. ಬಂದಿದೆ, ನಿಜ, ಆದರೆ ಹೋದದ್ದೇ ಬಂದಿಲ್ಲ. ಹೋದದ್ದು ಎರಡು ಸೀಟು, ಆರು ಅಡಿ ಬೆಡ್. ಬಂದಿರುವುದು ಐದು ಸೀಟು, ನಾಲ್ಕೂವರೆ ಅಡಿ ಬೆಡ್. ಆಯ್ಕೆಗೆ ಕೂರುವ ಮೊದಲು ಈ ಒಂದು ವಿಷಯ ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ: ನೀವು ಬಿಟ್ಟುಕೊಡಲು ತಯಾರಿರುವುದು ಸೀಟನ್ನೋ, ಬೆಡ್ಡನ್ನೋ? ಎರಡೂ ಬೇಕೆಂದರೆ ಗಾಡಿ ಉದ್ದವಾಗಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹೋದದ್ದು ಯಾಕೆ ಹೋಯಿತು

ಇದನ್ನು ತಿಳಿದುಕೊಳ್ಳದೆ ಇವತ್ತಿನ ಆಯ್ಕೆಗಳು ಯಾಕೆ ಹೀಗಿವೆ ಎಂಬುದು ಅರ್ಥವಾಗುವುದಿಲ್ಲ. ಕಥೆ ಶುರುವಾಗುವುದು ಕೋಳಿಯಿಂದ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮೊದಲಾದ ದೇಶಗಳು ಅಮೆರಿಕದ ಅಗ್ಗದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಅದಕ್ಕೆ ಉತ್ತರವಾಗಿ 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಹಗುರ ಟ್ರಕ್‌ಗಳ ಮೇಲೆ 25% ಸುಂಕ ಹಾಕಿದರು. ಉಳಿದವು ಕಾಲಕ್ರಮೇಣ ಕರಗಿದವು. ಟ್ರಕ್ಕಿನ ಮೇಲಿನದ್ದು ಮಾತ್ರ 1964ರಿಂದ ಇವತ್ತಿನವರೆಗೂ ಕೂತಿದೆ. ‘ಚಿಕನ್ ಟ್ಯಾಕ್ಸ್’ ಎಂದು ಎಲ್ಲರೂ ಕರೆಯುವುದು ಇದನ್ನೇ.

ಸುಂಕ ಬಂದರೆ ಅದನ್ನು ತಪ್ಪಿಸುವ ದಾರಿಯೂ ಬರುತ್ತದೆ. ಜಪಾನಿನಿಂದ ಕ್ಯಾಬಿನ್ ಮತ್ತು ಚಾಸಿಯನ್ನಷ್ಟೇ ತಂದು, ಬಂದರಿನ ಹತ್ತಿರ ಬೆಡ್ ಕೂರಿಸಿದರೆ 4% ಮಾತ್ರ. 1972ರಲ್ಲಿ ಬಂದ ಷೆವರ್ಲೆ ಲವ್ (ತಯಾರಿಸಿದ್ದು ಇಸುಝು), ಫೋರ್ಡ್ ಕೊರಿಯರ್ (ತಯಾರಿಸಿದ್ದು ಮಜ್ದಾ) ಹೀಗೇ ಬಂದವು. 1980ರಲ್ಲಿ ಆ ಕಿಂಡಿ ಮುಚ್ಚಿತು. ಸುಬಾರು ಇನ್ನೊಂದು ಉಪಾಯ ಹೂಡಿತು: ಬ್ರಾಟ್ ಎಂಬ ಪುಟ್ಟ ಪಿಕಪ್ಪಿನ ತೆರೆದ ಬೆಡ್ಡಿನಲ್ಲಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ ‘ಇದು ಟ್ರಕ್ಕಲ್ಲ, ಪ್ರಯಾಣಿಕರ ಕಾರು’ ಎಂದಿತು. ರೊನಾಲ್ಡ್ ರೇಗನ್ ತಮ್ಮ ಕ್ಯಾಲಿಫೋರ್ನಿಯಾ ರ‍್ಯಾಂಚಿನಲ್ಲಿ ಇಟ್ಟುಕೊಂಡಿದ್ದದ್ದೂ ಒಂದು ಬ್ರಾಟ್. ಈ ಆಟ ಜಪಾನಿನವರಿಗೆ ಮಾತ್ರ ಸೀಮಿತವಲ್ಲ. ಫೋರ್ಡ್ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗಳನ್ನು ಹಿಂದಿನ ಸೀಟಿನ ಸಮೇತ ಆಮದು ಮಾಡಿ, ಬಂದ ಮೇಲೆ ಸೀಟು ಕಿತ್ತ ಪ್ರಕರಣ 2024ರಲ್ಲಿ 36.5 ಕೋಟಿ ಡಾಲರ್ ಕಟ್ಟಿ ಇತ್ಯರ್ಥವಾಯಿತು.

ಹೊರಗಿನವರಿಗೆ ಬಾಗಿಲು ಮುಚ್ಚಿದ ಮೇಲೆ ಒಳಗಿನವರು ಸಣ್ಣ ಟ್ರಕ್ ಮಾಡಲೇ ಇಲ್ಲವೇ ಎಂದರೆ, ಮಾಡಿದರು, ಚೆನ್ನಾಗಿಯೇ ಮಾಡಿದರು. 1982ರ ಷೆವಿ ಎಸ್-10, 1983ರ ಫೋರ್ಡ್ ರೇಂಜರ್ ಅಮೆರಿಕದ ಬೀದಿಬೀದಿಯಲ್ಲೂ ಕಾಣುತ್ತಿದ್ದವು. 1999ರಲ್ಲಿ ರೇಂಜರ್ ಒಂದೇ ಸುಮಾರು 3.5 ಲಕ್ಷ ಮಾರಾಟವಾಯಿತು. ಕೊನೆಯ ರೇಂಜರ್ ಮಿನೆಸೋಟದ ಸೇಂಟ್ ಪಾಲ್ ಕಾರ್ಖಾನೆಯಿಂದ ಹೊರಬಂದದ್ದು 2011ರ ಡಿಸೆಂಬರ್‌ನಲ್ಲಿ.

ಕೊಂದದ್ದು ಯಾರು ಎಂದರೆ ಒಬ್ಬರಲ್ಲ. ದೊಡ್ಡ ಟ್ರಕ್ಕಿನ ಲಾಭದ ಮುಂದೆ ಸಣ್ಣದರ ಲಾಭ ಕಾಸಿಗೆ ಸಮ. ಡೀಲರ್ ರಿಯಾಯಿತಿ ಕೊಟ್ಟ ಮೇಲೆ ಎಫ್-150ಗೂ ರೇಂಜರ್‌ಗೂ ಬೆಲೆಯಲ್ಲಿ ಹೆಚ್ಚು ಅಂತರ ಉಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಇಂಧನ ದಕ್ಷತೆಯ ಲೆಕ್ಕ ಬದಲಾಯಿತು. 2011ರ ಮಾದರಿ ವರ್ಷದಿಂದ ಗಾಡಿಯ ನಾಲ್ಕು ಚಕ್ರಗಳ ನಡುವಿನ ಚೌಕದ ಅಳತೆಯ ಮೇಲೆ ಮೈಲೇಜಿನ ಗುರಿ ನಿಗದಿಯಾಗತೊಡಗಿತು. ಚೌಕ ದೊಡ್ಡದಾದಷ್ಟೂ ಗುರಿ ಸಡಿಲ. ಚಿಕ್ಕ ಚೌಕದ ಮೇಲೆ ಟ್ರಕ್ಕಿನ ಮೈ ಹೊತ್ತ ರೇಂಜರ್‌ನಂಥ ಗಾಡಿಗೆ ಗುರಿ ಹೆಚ್ಚು ಕಟ್ಟುನಿಟ್ಟು. ಎಂಜಿನಿಯರ್ ಎಷ್ಟೇ ತಲೆ ಕೆಡಿಸಿಕೊಂಡರೂ ಗಾಡಿಯನ್ನು ಉದ್ದ ಮಾಡುವುದೇ ಸುಲಭದ ದಾರಿ. 2025ರ ಜುಲೈನ ಕಾನೂನು ಈ ನಿಯಮ ತಪ್ಪಿದವರ ದಂಡವನ್ನು ಸೊನ್ನೆಗಿಳಿಸಿದೆ. ಅಂದರೆ ಒಂದು ಅಡ್ಡಿ ಸಡಿಲವಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಆಮದು ವಾಹನಗಳ ಮೇಲೆ 25%ರ ಹೊಸ ಸುಂಕವೂ ಬಂತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಫೋರ್ಡ್ ಮ್ಯಾವರಿಕ್: ಬಹುಪಾಲು ಜನರಿಗೆ ಇದೇ

2021ರ ಜೂನ್‌ನಲ್ಲಿ ಇದನ್ನು ತೋರಿಸಿದಾಗ ಆರಂಭದ ಬೆಲೆ 19,995 ಡಾಲರ್, ಅದರ ಮೇಲೆ ಸಾಗಣೆ ಖರ್ಚು. ಅದೂ ಹೈಬ್ರಿಡ್ ಎಂಜಿನ್ ಸಮೇತ. 1969ರಲ್ಲಿ ಇದೇ ಹೆಸರಿನ ಕಾರನ್ನು ಫೋರ್ಡ್ 1,995 ಡಾಲರಿಗೆ ಇಳಿಸಿತ್ತು. ಸೊನ್ನೆ ಹಾಕುವ ಬದಲು ಒಂಬತ್ತು ಹಾಕಿ ಯಾರೋ ತಮಾಷೆ ಮಾಡಿರಬೇಕು. ಮೊದಲ ವರ್ಷ ಬೇಡಿಕೆ ತಡೆಯಲಾರದೆ 2022ರ ಜನವರಿಗೇ ಆರ್ಡರ್ ಪುಸ್ತಕ ಮುಚ್ಚಿದರು. 2024ರಲ್ಲಿ 1.31 ಲಕ್ಷ ಮಾರಾಟವಾಯಿತು. ಆ 19,995 ಈಗ ನೆನಪು ಮಾತ್ರ. 2025ರ ಮಾದರಿ 26 ಸಾವಿರ ಡಾಲರ್ ದಾಟಿಯೇ ಶುರುವಾಯಿತು. ಮೆಕ್ಸಿಕೊದ ಎರ್ಮೊಸಿಯೊದಲ್ಲಿ ತಯಾರಾಗುವ ಗಾಡಿಯಾದ್ದರಿಂದ ಸುಂಕದ ಗಾಳಿ ಬೀಸಿದಾಗಲೆಲ್ಲ ಬೆಲೆ ಅಲ್ಲಾಡುತ್ತದೆ.

ಮ್ಯಾವರಿಕ್ ರೇಂಜರ್‌ನ ಮಗು ಅಲ್ಲ. ರೇಂಜರ್ ಏಣಿಯಂಥ ಪ್ರತ್ಯೇಕ ಫ್ರೇಮಿನ ಮೇಲೆ ಕೂತ ಟ್ರಕ್. ಮ್ಯಾವರಿಕ್ ಕೂತಿರುವುದು ಫೋರ್ಡಿನದೇ ಎಸ್ಕೇಪ್, ಬ್ರಾಂಕೊ ಸ್ಪೋರ್ಟ್‌ಗಳ ಕಾರಿನ ತಳಪಾಯದ ಮೇಲೆ. ವಂಶವೃಕ್ಷ ಹುಡುಕುವುದಾದರೆ 1957ರ ಫೋರ್ಡ್ ರಾಂಚೆರೊ ಇದರ ಅಜ್ಜ. ‘ಇದು ನಿಜವಾದ ಟ್ರಕ್ಕಲ್ಲ’ ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ ಇಷ್ಟೇ: ವಾರಕ್ಕೊಮ್ಮೆ ತೋಟದ ಸಾಮಾನು, ತಿಂಗಳಿಗೊಮ್ಮೆ ಹಳೆ ಸೋಫಾ ಸಾಗಿಸುವವನಿಗೆ ನಿಜವಾದ ಟ್ರಕ್ಕಿನ ಕುಲುಕಾಟ ಯಾಕೆ ಬೇಕು?

2.5 ಲೀಟರ್ ಹೈಬ್ರಿಡ್‌ನ ಒಟ್ಟು ಶಕ್ತಿ 191 ಅಶ್ವಶಕ್ತಿ. ಮುಂದಿನ ಚಕ್ರ ಎಳೆಯುವ ಮಾದರಿಗೆ ಊರೊಳಗೆ ಗ್ಯಾಲನ್ನಿಗೆ 42 ಮೈಲಿ ಎಂಬ ಅಧಿಕೃತ ಅಂಕಿ ಇದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರಿಗೆ ಇದು ವರ. ಹೆದ್ದಾರಿಯಲ್ಲಿ ಅಂಕಿ ಇಳಿಯುತ್ತದೆ, ಹೈಬ್ರಿಡ್‌ಗಳ ಸ್ವಭಾವವೇ ಅದು. ಟರ್ಬೊ ಬೇಕೆಂದರೆ 2.0 ಲೀಟರ್ ಇಕೊಬೂಸ್ಟ್ ಇದೆ, 250ರ ಆಸುಪಾಸು ಅಶ್ವಶಕ್ತಿ. ಮೊದಲ ವರ್ಷಗಳಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಬೇಕೆಂದರೆ ಟರ್ಬೊವನ್ನೇ ತೆಗೆದುಕೊಳ್ಳಬೇಕಿತ್ತು. 2025ರಿಂದ ಹೈಬ್ರಿಡ್‌ನಲ್ಲೂ ಸಿಗುತ್ತದೆ, ಜೊತೆಗೆ 4,000 ಪೌಂಡಿನ ಟ್ರೇಲರ್ ಎಳೆಯುವ ಪ್ಯಾಕೇಜೂ. ಹಾಗಾಗಿ ಹಳೆಯ ಮ್ಯಾವರಿಕ್ ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ: 2022ರಿಂದ 2024ರ ಹೈಬ್ರಿಡ್ ಎಳೆಯುವುದು 2,000 ಪೌಂಡ್ ಮಾತ್ರ. ‘4ಕೆ ಟೋ ಇದೆ’ ಎಂದು ಮಾರುವವನು ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲೇ ನೋಡಿ.

ಈಗ ಬೆಡ್. ತಳದಲ್ಲಿ ನಾಲ್ಕೂವರೆ ಅಡಿ. 4×8 ಅಡಿಯ ಪ್ಲೈವುಡ್ ಹಾಳೆ ಇದರಲ್ಲಿ ಹೇಗೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ಚಕ್ರದ ಉಬ್ಬುಗಳ ನಡುವಿನ ಜಾಗ 42 ಇಂಚು ಚಿಲ್ಲರೆ. ನಾಲ್ಕಡಿ ಎಂದರೆ 48 ಇಂಚು, ಅಲ್ಲಿ ಕೂರುವುದಿಲ್ಲ. ಆದರೆ ಟೈಲ್‌ಗೇಟನ್ನು ಅರ್ಧಕ್ಕೆ ನಿಲ್ಲಿಸಿದರೆ ಅದರ ಅಂಚು ಸರಿಯಾಗಿ ಉಬ್ಬುಗಳ ಎತ್ತರಕ್ಕೇ ಬರುತ್ತದೆ. ಹಾಳೆಯನ್ನು ಉಬ್ಬುಗಳ ಮೇಲೆ ಮತ್ತು ಟೈಲ್‌ಗೇಟ್ ಅಂಚಿನ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಡಬಹುದು. ಯೋಚಿಸಿ ಮಾಡಿದ ಕೆಲಸ ಎಂದು ಅನಿಸುವುದು ಇಂಥ ಕಡೆ. ಬೆಡ್ಡಿನ ಗೋಡೆಯಲ್ಲಿ ಅಚ್ಚಿನಲ್ಲೇ ಮೂಡಿಸಿದ ಸೀಳುಗಳಿವೆ. ಅವುಗಳಲ್ಲಿ ಮರದ ತುಂಡು ಅಡ್ಡ ಸಿಕ್ಕಿಸಿದರೆ ಬೆಡ್ ಖಾನೆಗಳಾಗುತ್ತದೆ. ಇಪ್ಪತ್ತು ಡಾಲರಿನ ಮರಕ್ಕೆ ಮುನ್ನೂರು ಡಾಲರಿನ ಬಿಡಿಭಾಗದ ಕೆಲಸ.

ತೂಕದ ವಿಷಯದಲ್ಲಿ ಮಾತ್ರ ಜನ ಎಡವುತ್ತಾರೆ. ಮ್ಯಾವರಿಕ್ ಬೆಡ್ಡಿನ ಗಾತ್ರ 33 ಘನ ಅಡಿಗೂ ಸ್ವಲ್ಪ ಹೆಚ್ಚು. ತೋಟದ ಮಣ್ಣು ಮಾರುವುದು ಘನ ಗಜದ ಲೆಕ್ಕದಲ್ಲಿ, ಅಂದರೆ 27 ಘನ ಅಡಿ. ‘ಹಿಡಿಯುತ್ತದಲ್ಲ, ಹಾಕಿ’ ಎನ್ನುತ್ತೀರಿ. ಲೋಡರ್‌ನವನು ಹಾಕಿಯೂ ಹಾಕುತ್ತಾನೆ. ಒಂದು ಗಜ ಹಸಿ ಮಣ್ಣು 2,000 ಪೌಂಡ್ ದಾಟುತ್ತದೆ, ಗಾಡಿಯ ಮಿತಿ 1,500. ಆ 1,500ರಲ್ಲಿ ನೀವು, ನಿಮ್ಮ ಹೆಂಡತಿ, ಹಿಂದೆ ಕೂತ ಮಕ್ಕಳು ಎಲ್ಲ ಸೇರಿದ್ದಾರೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಗುರುತಿನ ಬಿಳಿ ಚೀಟಿ ಕಾಣುತ್ತದೆ. ಜಾಹೀರಾತಿನ ಅಂಕಿ ಬಿಡಿ, ನಿಮ್ಮ ಗಾಡಿಯ ನಿಜವಾದ ಮಿತಿ ಅದರಲ್ಲಿದೆ. ಒಣ ತೊಗಟೆ ಮಲ್ಚ್ (ಗಿಡದ ಬುಡಕ್ಕೆ ಹಾಸುವ ಚೂರು) ಆದರೆ ಗಜವಿಡೀ ತುಂಬಿ, ಚಿಂತೆಯಿಲ್ಲ. ಮಣ್ಣಾದರೆ ಅರ್ಧ ಗಜ, ಎರಡು ಸುತ್ತು. ಜಲ್ಲಿಯಾದರೆ ಇನ್ನೂ ಕಡಿಮೆ.

ಹ್ಯುಂಡೈ ಸಾಂಟಾ ಕ್ರೂಜ್

2015ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಕಲ್ಪನೆಯಾಗಿ ಕಂಡದ್ದು ಮಾರಾಟಕ್ಕೆ ಬರುವ ಹೊತ್ತಿಗೆ 2021 ಆಯಿತು. ಹ್ಯುಂಡೈಯದೇ ಟೂಸಾನ್ ಎಸ್‌ಯುವಿಯ ಹಿಂಭಾಗ ಕತ್ತರಿಸಿ ತೆರೆದ ತೊಟ್ಟಿ ಕೂರಿಸಿದ ಹಾಗೆ ಕಾಣುತ್ತದೆ, ಹೆಚ್ಚು ಕಡಿಮೆ ಅದೇ. ಅಲಬಾಮದ ಮಾಂಟ್ಗೊಮೆರಿಯಲ್ಲಿ ತಯಾರಾಗುತ್ತದೆ, ಹಾಗಾಗಿ ಕೋಳಿ ಸುಂಕದ ಗೊಡವೆ ಇಲ್ಲ.

ಒಳಗೆ ಕೂತರೆ ಮ್ಯಾವರಿಕ್‌ಗಿಂತ ಇದೇ ಸುಖ. ಮ್ಯಾವರಿಕ್‌ನ ಗಟ್ಟಿ ಪ್ಲಾಸ್ಟಿಕ್ ನೋಡಿ ಬಂದವರಿಗೆ ಇಲ್ಲಿ ಕಾರಿನೊಳಗೆ ಬಂದಂತಾಗುತ್ತದೆ. ಟರ್ಬೊ ಮಾದರಿ 281 ಅಶ್ವಶಕ್ತಿ, 5,000 ಪೌಂಡ್ ಎಳೆಯುತ್ತದೆ. ಸಣ್ಣ ದೋಣಿಯೋ ಕ್ಯಾಂಪರೋ ಇದ್ದವರು ಈ ಒಂದು ಕಾರಣಕ್ಕೇ ಇತ್ತ ಬರಬಹುದು. ಬೆಡ್ಡಿನ ತಳದಡಿ ಬೀಗ ಹಾಕುವ ಗುಪ್ತ ಪೆಟ್ಟಿಗೆ ಇದೆ, ಕೆಳಗೆ ನೀರು ಬಿಡುವ ಬಿರಟೆ ಸಮೇತ. ಕೆಸರಾದ ಬೂಟು, ಮೀನಿನ ಮಂಜುಗಡ್ಡೆ ಹಾಕಿ, ಮನೆಗೆ ಬಂದು ಪೈಪು ಹಿಡಿದು ತೊಳೆದರೆ ಆಯಿತು.

ಬೆಡ್ ಮಾತ್ರ 27 ಘನ ಅಡಿ, ಮ್ಯಾವರಿಕ್‌ಗಿಂತ ಚಿಕ್ಕದು, ಪಕ್ಕದ ಗೋಡೆಗಳೂ ಒಳಕ್ಕೆ ಬಾಗಿವೆ. ಹೈಬ್ರಿಡ್ ಇಲ್ಲ. ಬಂದಾಗಿನ ಟರ್ಬೊ ಮಾದರಿಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು ನಿಧಾನದ ಟ್ರಾಫಿಕ್ಕಿನಲ್ಲಿ ಸಣ್ಣದಾಗಿ ತಡವರಿಸುವುದನ್ನು ನೀವೇ ಓಡಿಸಿ ನೋಡಬೇಕು. ಕೆಲವರಿಗೆ ಗೊತ್ತೇ ಆಗುವುದಿಲ್ಲ, ನನಗೆ ಕಿರಿಕಿರಿಯಾಯಿತು. ಮಾರಾಟದ ಅಂಕಿ ಜನರ ತೀರ್ಪನ್ನು ಹೇಳುತ್ತದೆ: 2024ರಲ್ಲಿ ಸುಮಾರು 32 ಸಾವಿರ, ಮ್ಯಾವರಿಕ್‌ನ ಕಾಲು ಭಾಗ. ಜನ ಹೇಳಿದ್ದೆಲ್ಲ ಸರಿಯೇ ಆಗಬೇಕಿಲ್ಲ. ಡೀಲರ್ ಹತ್ತಿರ ಚೌಕಾಸಿ ಮಾಡಲು ಜಾಗ ಸಿಗುವುದು ಕಡಿಮೆ ಮಾರಾಟವಾಗುವ ಗಾಡಿಯಲ್ಲೇ.

ಹಳೆಯದನ್ನೇ ಕೊಳ್ಳುವವರು

ಎರಡು ಸೀಟು ಸಾಕು, ಬೆಡ್ ಬೇಕು ಎನ್ನುವವರಿಗೆ ಹೊಸ ಅಂಗಡಿಯಲ್ಲಿ ಇವತ್ತು ಸಣ್ಣ ಗಾತ್ರದಲ್ಲಿ ಏನೂ ಇಲ್ಲ. ಹಾಗಾಗಿ 1990ರಿಂದ 2011ರವರೆಗಿನ ರೇಂಜರ್, ಎಸ್-10, ಟೊಯೊಟಾ ಪಿಕಪ್, ಮೊದಲ ಪೀಳಿಗೆಯ ಟಕೋಮಾ, ಹಳೆ ನಿಸಾನ್‌ಗಳ ಬೆಲೆ ಇಳಿಯುವುದನ್ನು ಮರೆತಿದೆ. ಟೊಯೊಟಾ ಎಂಬ ಹೆಸರಿದ್ದರಂತೂ ಮಾರುವವನ ಮುಖದಲ್ಲಿ ಚಿನ್ನ ಮಾರುವ ಗತ್ತು. ನನ್ನ ಲೆಕ್ಕದಲ್ಲಿ ಹಣಕ್ಕೆ ಹೆಚ್ಚು ಟ್ರಕ್ ಸಿಗುವುದು ರೇಂಜರ್‌ನಲ್ಲೇ. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಆರು ಅಥವಾ ಏಳು ಅಡಿ ಬೆಡ್ ಇರುತ್ತದೆ, ಬಾನೆಟ್ ಎತ್ತಿದರೆ ಎಂಜಿನ್ ಪಕ್ಕ ಕೈ ಆಡಿಸಲು ಜಾಗವಿದೆ. 2001ರ ನಂತರದ ನಾಲ್ಕು ಸಿಲಿಂಡರಿನ 2.3 ಲೀಟರ್ ಎಂಜಿನ್ ಸಿಕ್ಕರೆ ಬಿಡಬೇಡಿ. 4.0 ಲೀಟರ್ ವಿ6 ಬೆಳಗ್ಗೆ ಮೊದಲ ಸಲ ಶುರುವಾದಾಗ ಒಳಗಿನಿಂದ ಚೈನು ಗಲಗಲ ಎಂದರೆ ಮುಗುಳ್ನಕ್ಕು ಮನೆಗೆ ಹೋಗಿ.

ನಾನಿರುವುದು ಒಹಾಯೊದಲ್ಲಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯ. ಇಲ್ಲಿ ಹಳೆ ಟ್ರಕ್ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಸುತ್ತಿಗೆ ಇರಬೇಕು. ಬಣ್ಣ, ಸೀಟು, ಸ್ಟೀರಿಯೊ ಆಮೇಲೆ. ಮೊದಲು ಹಿಂದಿನ ಚಕ್ರದ ಪಕ್ಕ ನೆಲಕ್ಕೆ ಬೆನ್ನು ಹಾಕಿ ಮಲಗಿ, ಲೀಫ್ ಸ್ಪ್ರಿಂಗ್ ಫ್ರೇಮಿಗೆ ತೂಗುವ ಜಾಗದಲ್ಲಿ ಮೆಲ್ಲಗೆ ತಟ್ಟಿ. ‘ಟಣ್’ ಎಂದರೆ ಕಬ್ಬಿಣ. ‘ಬದ್’ ಎಂದು ಪದರ ಉದುರಿದರೆ ಅದು ಕಬ್ಬಿಣದ ನೆನಪು. ಕೆಳಗೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಗಟ್ಟಿಯಾಗಿ ತಟ್ಟಿ. ನಾನು ಒಮ್ಮೆ ತಟ್ಟದೆ ಕೊಂಡು, ಮೂರು ತಿಂಗಳಲ್ಲಿ ಹಿಂದಿನ ಸ್ಪ್ರಿಂಗಿನ ಕೊಂಡಿ ಮುರಿದು ಗಾಡಿ ಒಂದು ಕಡೆ ಕುಸಿದು ಕೂತಾಗ ಪಾಠ ಕಲಿತೆ. ಇದು ಒಂದೇ ಕಂಪನಿಯ ರೋಗವಲ್ಲ. ಫ್ರೇಮಿನ ತುಕ್ಕಿಗಾಗಿ ಟೊಯೊಟಾ 2008ರಲ್ಲಿ 1995ರಿಂದ 2000ದವರೆಗಿನ ಟಕೋಮಾಗಳನ್ನು ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ಕೊಂಡಿತ್ತು.

ಮ್ಯಾನ್ಯುಯಲ್ ರೇಂಜರ್ ಆದರೆ ಇನ್ನೊಂದು ಗುಟ್ಟು. ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ, ಹಿಂದಿನ ಕಡೆ, ಮೂರು ಪುಟ್ಟ ರಬ್ಬರ್ ಬಿರಟೆಗಳಿವೆ. ವಯಸ್ಸಾದರೆ ಒಣಗಿ ಸೋರುತ್ತವೆ. ಹನಿ ನೆಲಕ್ಕೆ ಬೀಳುವ ಬದಲು ಗೇರ್‌ಬಾಕ್ಸಿನ ಬೆನ್ನ ಮೇಲೆ ಹರಡುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ಎಣ್ಣೆ ಮುಗಿದು ಗೇರು ಕಿರುಚುತ್ತದೆ. ಕೆಲವೇ ಡಾಲರಿನ ಲೋಹದ ಬಿರಟೆ ಹಾಕಿಸಿದರೆ ಈ ಕಾಟ ಶಾಶ್ವತವಾಗಿ ಹೋಗುತ್ತದೆ. ಮಾರುವವನನ್ನು ‘ಬಿರಟೆ ಬದಲಿಸಿದ್ದೀರಾ?’ ಎಂದು ಕೇಳಿ. ಗೊತ್ತಿದ್ದವನಾದರೆ ಅವನ ಕಣ್ಣು ಅರಳುತ್ತದೆ, ಬೆಲೆಯ ಮಾತು ಸಲೀಸಾಗುತ್ತದೆ.

ಸುರಕ್ಷತೆಯ ಬಗ್ಗೆ ಮುಚ್ಚುಮರೆ ಬೇಡ. 1990ರ ದಶಕದ ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಮಳೆಯಲ್ಲಿ ತಿರುವಿನಲ್ಲಿ ಜಾರಿದರೆ ಹಿಡಿದು ನಿಲ್ಲಿಸುವ ಸ್ಥಿರತಾ ನಿಯಂತ್ರಣ ಇಲ್ಲ. ಅದು ಎಲ್ಲ ಹೊಸ ಗಾಡಿಗಳಿಗೂ ಕಡ್ಡಾಯವಾದದ್ದು 2012ರ ಮಾದರಿಗಳಿಂದ. ಹದಿನಾರರ ಮಗನಿಗೆ ಮೊದಲ ಗಾಡಿಯಾಗಿ ಹಳೆ ರೇಂಜರ್ ಕೊಡಿಸುವ ಆಲೋಚನೆ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಒಳ್ಳೆಯ ಕಾರು ಒಂದಿದ್ದು, ಎರಡನೆಯದಾಗಿ ಶನಿವಾರದ ಕೆಲಸಕ್ಕೆ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಜಪಾನಿನ ಕೇ ಟ್ರಕ್

ಸುಜುಕಿ ಕ್ಯಾರಿ, ಹೋಂಡಾ ಆ್ಯಕ್ಟಿ, ಡೈಹಾಟ್ಸು ಹೈಜೆಟ್, ಸುಬಾರು ಸಾಂಬಾರ್ (ಹೌದು, ಹೆಸರು ಅದೇ, ಜಿಂಕೆಯದು). ಜಪಾನಿನ ಕೇ (ಅತಿ ಸಣ್ಣ ವಾಹನಗಳ) ವರ್ಗದ ಮಿತಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ, 64 ಅಶ್ವಶಕ್ತಿ. ಇಷ್ಟು ಗಿಡ್ಡ ಗಾಡಿಯ ಬೆಡ್ ಮಾತ್ರ ಸುಮಾರು ಆರಡಿ ನಾಲ್ಕಿಂಚು, ಮೂರು ಕಡೆಯೂ ಮಡಚಿ ಬೀಳುತ್ತದೆ, ಚಕ್ರದ ಉಬ್ಬಿನ ತೊಡಕೂ ಇಲ್ಲ. ನಾಲ್ಕು ಬಾಗಿಲಿನ ದೊಡ್ಡ ಪಿಕಪ್‌ಗಳ ಬಹುಪಾಲು ಬೆಡ್ಡುಗಳಿಗಿಂತ ಇದು ಉದ್ದ. ಡ್ರೈವರನ್ನು ಮುಂದಿನ ಗಾಜಿಗೆ ಒತ್ತಿ ಕೂರಿಸಿದ್ದರಿಂದ ಇದು ಸಾಧ್ಯವಾಯಿತು. ನಿಮ್ಮ ಮೊಣಕಾಲಿಗೂ ಎದುರಿನ ಗಾಡಿಗೂ ನಡುವೆ ಒಂದು ತಗಡು ಇರುವುದೂ ಅದರಿಂದಲೇ.

ಅಮೆರಿಕಕ್ಕೆ ತರಿಸಲು ಗಾಡಿಗೆ 25 ವರ್ಷ ತುಂಬಿರಬೇಕು. ತಯಾರಾದ ತಿಂಗಳು ಲೆಕ್ಕಕ್ಕೆ ಬರುತ್ತದೆ, ಮಾದರಿ ವರ್ಷ ಅಲ್ಲ. ಟ್ರಕ್ ಆದ್ದರಿಂದ ಅದೇ ಚಿಕನ್ ಟ್ಯಾಕ್ಸ್ ಇದಕ್ಕೂ ತಗಲುತ್ತದೆ. ಆಮೇಲೆ ನಿಮ್ಮ ರಾಜ್ಯ ನೋಂದಣಿ ಮಾಡಿಕೊಳ್ಳುತ್ತದೆಯೇ ಎಂಬ ತಲೆನೋವು. ಟೆಕ್ಸಸ್ ಮತ್ತು ಮ್ಯಾಸಚೂಸೆಟ್ಸ್ 2024ರಲ್ಲಿ ದಾರಿ ತೆರೆದವು. ಇನ್ನು ಕೆಲವು ಕಡೆ ಕೊಟ್ಟ ನೋಂದಣಿಯನ್ನೇ ರದ್ದು ಮಾಡಿದ ಉದಾಹರಣೆಗಳಿವೆ. ಹಣ ಕೊಡುವ ಮೊದಲು ನೋಂದಣಿ ಕಚೇರಿಯ ಉತ್ತರ ಬರಹದಲ್ಲಿ ಇರಲಿ. ದೊಡ್ಡ ಜಮೀನು, ದ್ರಾಕ್ಷಿ ತೋಟ, ಕುದುರೆ ಲಾಯ, ಕಾಲೇಜು ಕ್ಯಾಂಪಸ್ಸಿನ ಕೆಲಸ ಎಂದರೆ ಕಣ್ಣು ಮುಚ್ಚಿ ಕೊಳ್ಳಿ. ದಿನಾ ಹೆದ್ದಾರಿಯಲ್ಲಿ ಎಪ್ಪತ್ತು ಮೈಲಿ ವೇಗದ ಲಾರಿಗಳ ನಡುವೆ ನುಗ್ಗುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಸ್ಲೇಟ್: ಕಾಯುವವರಿಗೆ

2025ರ ಏಪ್ರಿಲ್‌ನಲ್ಲಿ ಸ್ಲೇಟ್ ಆಟೊ ಎಂಬ ಹೊಸ ಕಂಪನಿ ತೋರಿಸಿದ ಎಲೆಕ್ಟ್ರಿಕ್ ಪಿಕಪ್ಪಿನ ಉದ್ದ 174.6 ಇಂಚು. 1983ರ ಶಾರ್ಟ್ ಬೆಡ್ ರೇಂಜರ್ ಸುಮಾರು 175 ಇಂಚು. ಇದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ. ಎರಡೇ ಸೀಟು, ಐದಡಿ ಬೆಡ್, ಕೈಯಲ್ಲಿ ತಿರುಗಿಸುವ ಕಿಟಕಿ. ಬಣ್ಣ ಇಲ್ಲ, ಬೂದು ಪ್ಲಾಸ್ಟಿಕ್ ಮೈ. ರೇಡಿಯೊ ಕೂಡ ಇಲ್ಲ, ಫೋನ್ ಸಿಕ್ಕಿಸಿಕೊಳ್ಳಿ ಎನ್ನುತ್ತಾರೆ. ಚಿಕ್ಕ ಬ್ಯಾಟರಿಯಲ್ಲಿ 150 ಮೈಲಿ, ದೊಡ್ಡದರಲ್ಲಿ 240 ಮೈಲಿ ಓಡುತ್ತದೆ ಎಂಬ ಅಂದಾಜು ಕೊಟ್ಟಿದ್ದಾರೆ. ಹೊರುವುದು 1,400 ಪೌಂಡ್ ಚಿಲ್ಲರೆ, ಎಳೆಯುವುದು 1,000 ಪೌಂಡ್ ಮಾತ್ರ. ಇಂಡಿಯಾನಾದ ವಾರ್ಸಾದಲ್ಲಿ, ಹಿಂದೆ ಮುದ್ರಣಾಲಯವಾಗಿದ್ದ ಕಟ್ಟಡದಲ್ಲಿ ತಯಾರಿ. ಹಣ ಹಾಕಿದವರಲ್ಲಿ ಜೆಫ್ ಬೆಜೋಸ್ ಒಬ್ಬರು.

ಮೊದಲು ಹೇಳಿದ್ದು ‘ತೆರಿಗೆ ರಿಯಾಯಿತಿ ಕಳೆದು 20 ಸಾವಿರಕ್ಕಿಂತ ಕಡಿಮೆ’ ಎಂದು. ಆ 7,500 ಡಾಲರಿನ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಬೆಲೆಯ ಮಾತು ಇಪ್ಪತ್ತೈದು ಸಾವಿರದ ಆಸುಪಾಸಿಗೆ ಸರಿಯಿತು. ಕೆಲವೇ ವಾರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕಾಯ್ದಿರಿಸಿದರು ನಿಜ, ಆದರೆ ಅದಕ್ಕೆ ಕೊಟ್ಟದ್ದು ಐವತ್ತು ಡಾಲರ್, ಅದೂ ವಾಪಸ್ ಸಿಗುವಂಥದ್ದು. ಐವತ್ತು ಡಾಲರಿನ ಆಸೆಗೂ ಇಪ್ಪತ್ತೈದು ಸಾವಿರದ ಸಹಿಗೂ ನಡುವೆ ಬಹಳ ದೂರ ಇದೆ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು, ದಿನದ ಓಡಾಟ ಅರವತ್ತು ಮೈಲಿಯೊಳಗಿದ್ದು, ಕಾಯುವ ತಾಳ್ಮೆಯಿದ್ದರೆ ಐವತ್ತು ಡಾಲರ್ ಇಡಿ. ಮೊದಲ ವರ್ಷದ ಗಾಡಿಯನ್ನು ಮಾತ್ರ ಬೇರೆಯವರು ಓಡಿಸಲಿ. ಫೋರ್ಡ್ ಕೂಡ ಲೂಯಿವಿಲ್‌ನಲ್ಲಿ ಸುಮಾರು 30 ಸಾವಿರ ಡಾಲರಿನ ಎಲೆಕ್ಟ್ರಿಕ್ ಪಿಕಪ್ಪನ್ನು 2027ಕ್ಕೆ ತರುವುದಾಗಿ 2025ರ ಆಗಸ್ಟ್‌ನಲ್ಲಿ ಘೋಷಿಸಿತು. ಅದು ನಾಲ್ಕು ಬಾಗಿಲಿನದು, ಅಂದರೆ ಮತ್ತೆ ಸೀಟಿನ ಪಕ್ಷ.

ಮಧ್ಯಮ ಗಾತ್ರದವು

ಇವತ್ತಿನ ರೇಂಜರ್ 210 ಇಂಚು, ಟಕೋಮಾ 213. ಹೆಸರು ಹಳೆಯದು, ಮೈ ಹೊಸದು. ಮ್ಯಾವರಿಕ್ಕೇ 199.7 ಇಂಚು, 1980ರ ದಶಕದ ಶಾರ್ಟ್ ಬೆಡ್ ಎಫ್-150 ಅದಕ್ಕಿಂತ ಗಿಡ್ಡವಾಗಿತ್ತು ಎಂದರೆ ಲೆಕ್ಕ ಎಲ್ಲಿಗೆ ಬಂದಿದೆ ನೋಡಿ. 5,000 ಪೌಂಡಿಗಿಂತ ಹೆಚ್ಚು ಎಳೆಯುವವರು, ಕಲ್ಲುಮುಳ್ಳಿನ ಕಾಡುದಾರಿ ಹತ್ತುವವರು ಇವನ್ನೇ ಕೊಳ್ಳಬೇಕು. ಉಳಿದವರು ಬೆಡ್ಡಿಗಾಗಿ ಇಲ್ಲಿಗೆ ಬರುವುದಾದರೆ ಟಕೋಮಾ ಎಕ್ಸ್‌ಟ್ರಾಕ್ಯಾಬ್ ಅಥವಾ ನಿಸಾನ್ ಫ್ರಾಂಟಿಯರ್ ಕಿಂಗ್ ಕ್ಯಾಬ್ ನೋಡಿ, ಆರಡಿ ಬೆಡ್ ಸಿಗುತ್ತದೆ. ಗರಾಜಿನ ಉದ್ದ ಅಳೆದುಕೊಂಡು ಹೋಗಿ.

ನಾನು ಏನು ಮಾಡಿದೆ

ಮನೆಯಲ್ಲಿ ಒಂದೇ ಗಾಡಿ, ಅದರಲ್ಲೇ ಮಕ್ಕಳನ್ನು ಶಾಲೆಗೂ ಬಿಡಬೇಕು, ಮಲ್ಚನ್ನೂ ತರಬೇಕು ಎನ್ನುವವರಿಗೆ 2025ರ ನಂತರದ ಮ್ಯಾವರಿಕ್ ಹೈಬ್ರಿಡ್ ಬಿಟ್ಟು ಬೇರೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮದು ಹಾಗಲ್ಲ. ಕಾರು ಆಗಲೇ ಇದೆ, ಅದಕ್ಕೆ ಟ್ರೇಲರ್ ಸಿಕ್ಕಿಸುವ ಹಿಚ್ಚೂ ಇದೆ. ಅದಕ್ಕೇ ಒಂದು ಋತುವಿಡೀ ಲೆಕ್ಕ ಬರೆದೆ: ತೆರೆದ ಬೆಡ್ ನಿಜವಾಗಿ ಬೇಕಾದದ್ದು ಎಷ್ಟು ದಿನ? ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹದಿನಾಲ್ಕು ದಿನ. ಅದರಲ್ಲಿ ಒಂಬತ್ತು ದಿನ ಬಾಡಿಗೆಯ 4×8 ಅಡಿಯ ಸಣ್ಣ ಟ್ರೇಲರ್ ಸಾಕಾಯಿತು. ಪ್ಲೈವುಡ್ ಹಾಳೆ ಅದರಲ್ಲಿ ಅಳತೆ ಮಾಡಿಟ್ಟ ಹಾಗೆ ಮಲಗುತ್ತದೆ, ಅಂಚು ಮೊಣಕಾಲೆತ್ತರ. ಹಿಮ್ಮುಖವಾಗಿ ಡ್ರೈವ್‌ವೇಗೆ ತಳ್ಳುವುದು ಕಲಿಯಲು ಮಾತ್ರ ಎರಡು ವಾರ ಮತ್ತು ಒಂದು ಅಂಚೆ ಪೆಟ್ಟಿಗೆ ಖರ್ಚಾಯಿತು.

ಉಳಿದ ಐದು ದಿನಕ್ಕಾಗಿ ಪಕ್ಕದ ಮನೆಯವರನ್ನು ‘ಆ ರೇಂಜರ್ ಕೊಡ್ತೀರಾ?’ ಎಂದು ಕೇಳಿಯೇ ಬಿಟ್ಟೆ. ಅವರು ನಕ್ಕರು. ಮಾರುವುದಿಲ್ಲವಂತೆ. ಆದರೆ ಕೀಲಿ ಗರಾಜಿನ ಮೊಳೆಗೆ ನೇತು ಹಾಕಿರುತ್ತಾರಂತೆ, ಬೇಕಾದಾಗ ಒಯ್ಯಬಹುದು, ಟ್ಯಾಂಕು ಅರ್ಧ ತುಂಬಿಸಿ ತಂದಿಟ್ಟರೆ ಸಾಕು. ‘ಎರಡನೇ ಗೇರು ಬೆಳಗ್ಗೆ ಸ್ವಲ್ಪ ಮುನಿಸಿಕೊಳ್ಳುತ್ತೆ, ಒತ್ತಾಯ ಮಾಡಬೇಡ’ ಎಂದರು. ನಾನು ಬಿರಟೆಗಳ ಬಗ್ಗೆ ಕೇಳಿದೆ. ಯಾವ ಬಿರಟೆ ಎಂದರು. ಮುಂದಿನ ಶನಿವಾರ ಇಬ್ಬರೂ ಅದರ ಕೆಳಗೆ ಮಲಗುವುದೆಂದು ತೀರ್ಮಾನವಾಗಿದೆ.